ಡ್ರಾಫ್ಟ್‌ನ ಕೊನೇ ಸಾಲಿಂದ 171 ಗೋಲ್ ತನಕ: ಕ್ರಿಸ್ ವೊಂಡೊಲೋವ್ಸ್ಕಿ ಪ್ರಕರಣ

ಅಮೆರಿಕಾದ ಫುಟ್ಬಾಲ್ ಲೀಗ್ ಮೇಜರ್ ಲೀಗ್ ಸಾಕರ್ (ಎಂಎಲ್‌ಎಸ್) ಅಂದ ತಕ್ಷಣ ನಮ್ಮಲ್ಲಿ ಬೆಕ್‌ಹ್ಯಾಮ್, ಹೆನ್ರಿ, ಈಗ ಮೆಸ್ಸಿ, ಈ ಮೂರು ಹೆಸರು ಬರತ್ತೆ, ಸ್ವಲ್ಪ ಜಾಸ್ತಿ ಫಾಲೋ ಮಾಡೋರು ಲ್ಯಾಂಡನ್ ಡೊನೊವನ್ ಅಂತಾರೆ. ಆದ್ರೆ ಆ ಲೀಗ್‌ನಲ್ಲಿ 171 ಗೋಲ್ ಹೊಡ್ದು ಎಲ್ಲರಿಗಿಂತ ಮೇಲೆ ಹೋಗಿ ರಿಟೈರ್ ಆದವನು ಕ್ರಿಸ್ ವೊಂಡೊಲೋವ್ಸ್ಕಿ, ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್ ಅನ್ನೋ ಊರಲ್ಲಿ 1983ರ ಜನವರಿ 28ಕ್ಕೆ ಹುಟ್ಟಿದ ಹುಡುಗ, ಫ್ಯಾನ್ಸ್ ಬಾಯಲ್ಲಿ ಬರೀ ವೊಂಡೊ. ಅಮೆರಿಕಾದ ಹೊರಗೆ ಅವನ ಹೆಸರು ಯಾರಿಗಾದ್ರೂ ನೆನಪಿದ್ರೆ ಅದು ಒಂದೇ ಒಂದು ಕಾರಣಕ್ಕೆ, 2014ರ ವರ್ಲ್ಡ್ ಕಪ್‌ನಲ್ಲಿ ಬೆಲ್ಜಿಯಂ ವಿರುದ್ಧ ಮಿಸ್ ಮಾಡಿದ ಒಂದು ಗೋಲ್. ನನಗೆ ಈ ಆಟಗಾರನ ಕರಿಯರ್‌ನ ಒಂದು ಕೇಸ್ ತರ ಬಿಡಿಸಿ ನೋಡ್ಬೇಕು ಅಂತ ಬಹಳ ದಿನದಿಂದ ಇತ್ತು, ಯಾಕಂದ್ರೆ ಇದ್ರಲ್ಲಿ ಎರಡು ಪ್ರಶ್ನೆ ಸಿಗತ್ತೆ. ಇಷ್ಟು ಗೋಲ್ ಹೊಡೆಯೋ ಶಕ್ತಿ ಇದ್ದವನು ಐದು ವರ್ಷ ಯಾರ ಕಣ್ಣಿಗೂ ಬೀಳದೆ ಹೇಗೆ ಉಳ್ದ? ಮತ್ತೆ ಆ ಬೆಲ್ಜಿಯಂ ಮಿಸ್ಸು ಅವನ ಆಟಕ್ಕೆ ವಿರುದ್ಧವಾದ ಘಟನೆನಾ, ಇಲ್ಲಾ ಅವನ ಆಟದಿಂದಲೇ ಹುಟ್ಟಿದ್ದಾ? ನನ್ನ ಪ್ರಕಾರ ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ಮೊದಲು ಶುರುವಿಂದ. ಅಮೆರಿಕಾದಲ್ಲಿ ಫುಟ್ಬಾಲ್‌ನಲ್ಲಿ ಮೇಲೆ ಬರೋಕೆ ಆಗ ಇದ್ದ ದಾರಿ ಕಾಲೇಜು, ಅದ್ರಲ್ಲೂ ಡಿವಿಷನ್ 1 ಕಾಲೇಜುಗಳು, ಸ್ಕೌಟ್‌ಗಳು ಹೋಗೋದೇ ಅಲ್ಲಿಗೆ. ವೊಂಡೊ ಓದಿದ್ದು ಚಿಕೋ ಸ್ಟೇಟ್‌ನಲ್ಲಿ, ಅದು ಡಿವಿಷನ್ 2. 2003ರಲ್ಲಿ ಆ ಟೀಮು ಡಿವಿಷನ್ 2 ಫೈನಲ್ ತನಕ ಹೋಯ್ತು, ಆದ್ರೂ ದೊಡ್ಡ ಕ್ಲಬ್‌ಗಳ ಲೆಕ್ಕದಲ್ಲಿ ಅದು ಎರಡನೇ ದರ್ಜೆ ಅಷ್ಟೇ. 2005ರಲ್ಲಿ ಎಂಎಲ್‌ಎಸ್‌ನ ಮುಖ್ಯ ಡ್ರಾಫ್ಟ್‌ನಲ್ಲಿ, ಅಂದ್ರೆ ಕ್ಲಬ್‌ಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳೋ ಪದ್ಧತಿಲಿ, ನಾಲ್ಕು ರೌಂಡ್ ಮುಗೀತು, ಯಾರೂ ಅವನ ಹೆಸರು ಕರೀಲಿಲ್ಲ. ಅದಾದ್ಮೇಲೆ ಸಪ್ಲಿಮೆಂಟಲ್ ಡ್ರಾಫ್ಟ್ ಅಂತ ಒಂದು ಇತ್ತು, ಮಿಕ್ಕಿದ ಹುಡುಗರಿಗೆ ಅಂತಾನೇ ಇದ್ದದ್ದು, ಅದ್ರಲ್ಲೂ ನಾಲ್ಕನೇ ರೌಂಡ್‌ನಲ್ಲಿ 41ನೇಯವನಾಗಿ ಸ್ಯಾನ್ ಹೊಸೆ ಅರ್ಥ್‌ಕ್ವೇಕ್ಸ್ ಅವನನ್ನ ತಗೊಂಡಿತು. ಎರಡೂ ಡ್ರಾಫ್ಟ್ ಸೇರಿಸಿದ್ರೆ ಅವನಿಗಿಂತ ಮೊದಲು ಎಂಬತ್ತರ ಆಸುಪಾಸು ಹುಡುಗರು ಆಯ್ಕೆ ಆಗಿದ್ರು. ಆ ಕಾಲದಲ್ಲಿ ಡೆವಲಪ್‌ಮೆಂಟಲ್ ಪ್ಲೇಯರ್ ಅಂತ ಒಂದು ದರ್ಜೆ ಇತ್ತು, ಅವರ ಸಂಬಳ ಶುರು ಆಗ್ತಿದ್ದಿದ್ದೇ ವರ್ಷಕ್ಕೆ 12 ಸಾವಿರ ಡಾಲರ್ ಆಸುಪಾಸಲ್ಲಿ. ಸ್ಯಾನ್ ಹೊಸೆ ಅಂದ್ರೆ ಸಿಲಿಕಾನ್ ವ್ಯಾಲಿ, ಅಲ್ಲಿರೋ ನಮ್ಮ ಕನ್ನಡದವರನ್ನ ಕೇಳಿ ನೋಡಿ, ಅಷ್ಟು ದುಡ್ಡಲ್ಲಿ ಅಲ್ಲಿ ಬಾಡಿಗೆ ಕಟ್ಟೋದು ಹೇಗೆ ಅಂತ, ಆಗಿನ ಕಾಲದಲ್ಲೂ ಆಗ್ತಿರ್ಲಿಲ್ಲ.

ಅವನು ಸೇರಿದ ವರ್ಷವೇ ಕ್ಲಬ್‌ಗೆ ಇನ್ನೊಂದು ಕಷ್ಟ ಬಂತು. ಸ್ಯಾನ್ ಹೊಸೆಲಿ ಸರಿಯಾದ ಸ್ವಂತ ಸ್ಟೇಡಿಯಂ ಆಗ್ಲಿಲ್ಲ ಅಂತ 2005ರ ಸೀಸನ್ ಮುಗಿದ ಮೇಲೆ ಆಟಗಾರರು ಕೋಚ್ ಎಲ್ಲ ಸೇರಿ ಇಡೀ ಟೀಮನ್ನೇ ಟೆಕ್ಸಸ್‌ಗೆ ಎತ್ಕೊಂಡು ಹೋದ್ರು, ಹೊಸ ಹೆಸರು ಹ್ಯೂಸ್ಟನ್ ಡೈನಮೊ. ಟೀಮು ಚೆನ್ನಾಗಿತ್ತು, ಕೋಚ್ ಡೊಮಿನಿಕ್ ಕಿನಿಯರ್, ಮುಂದೆ ಬ್ರಯಾನ್ ಚಿಂಗ್, ಹಿಂದಿಂದ ಡ್ವೇನ್ ಡಿ ರೊಸಾರಿಯೊ, 2006 ಮತ್ತೆ 2007 ಎರಡು ವರ್ಷ ಸತತವಾಗಿ ಎಂಎಲ್‌ಎಸ್ ಕಪ್ ಗೆದ್ರು, ಎರಡೂ ಸಲ ನ್ಯೂ ಇಂಗ್ಲೆಂಡ್ ರೆವಲ್ಯೂಷನ್ ವಿರುದ್ಧ. ಆ ಟೀಮಲ್ಲಿ ವೊಂಡೊ ಇದ್ದ, ಆದ್ರೆ ಬೆಂಚಲ್ಲಿ ಇಲ್ಲಾ ರಿಸರ್ವ್ ಮ್ಯಾಚುಗಳಲ್ಲಿ. ಗೆಲ್ತಾ ಇರೋ ಟೀಮನ್ನ ಯಾವ ಕೋಚೂ ಬದಲಾಯ್ಸಲ್ಲ, ಇದ್ರಲ್ಲಿ ಕಿನಿಯರ್‌ದು ತಪ್ಪು ಅಂತ ನಾನು ಹೇಳಲ್ಲ, ಚಿಂಗ್ ಆಗ ಅಮೆರಿಕಾದ ನ್ಯಾಷನಲ್ ಟೀಮಿನ ಸ್ಟ್ರೈಕರ್. 2009ರ ಜೂನ್‌ನಲ್ಲಿ ಕ್ಯಾಮ್ ವೀವರ್ ಅನ್ನೋ ಎತ್ತರದ ಫಾರ್ವರ್ಡ್ ಬೇಕು ಅಂತ ಹ್ಯೂಸ್ಟನ್‌ನವರು ವೊಂಡೊನ ಕೊಟ್ಟು ಬಿಟ್ರು, ಅಷ್ಟೊತ್ತಿಗೆ 2008ರಲ್ಲಿ ಮತ್ತೆ ಹುಟ್ಟಿದ್ದ ಸ್ಯಾನ್ ಹೊಸೆ ಅರ್ಥ್‌ಕ್ವೇಕ್ಸ್‌ಗೆ. ಪೇಪರಲ್ಲಿ ಒಂದು ಮೂಲೆಲಿ ಬರೋ ಅಂಥ ಟ್ರೇಡ್ ಅದು. 2009ರ ಸೀಸನ್ ಮುಗಿದಾಗ ಅವನ ಒಟ್ಟು ಲೀಗ್ ಗೋಲ್ ಏಳು. ಐದು ಸೀಸನ್ನು, ಏಳು ಗೋಲು, ವಯಸ್ಸು ಆಲ್‌ಮೋಸ್ಟ್ 27. ಇಲ್ಲಿಗೆ ನಿಲ್ಸಿ ಯಾರಿಗಾದ್ರೂ ಈ ಕಾಗದ ತೋರಿಸಿದ್ರೆ ಇವನಿಗೆ ಬೇರೆ ಕೆಲಸ ಹುಡುಕ್ಕೋ ಅಂತಾನೇ ಹೇಳ್ತಾರೆ.

2010ರಲ್ಲಿ ಸ್ಯಾನ್ ಹೊಸೆ ಕೋಚ್ ಫ್ರಾಂಕ್ ಯಾಲಪ್ ಅವನನ್ನ ರೆಗ್ಯುಲರ್ ಆಗಿ ಆಡ್ಸಿದ್ರು. 18 ಗೋಲ್. ಸೀಸನ್‌ನಲ್ಲಿ ಅತಿ ಹೆಚ್ಚು ಗೋಲ್ ಹೊಡ್ದವನಿಗೆ ಕೊಡೋ ಗೋಲ್ಡನ್ ಬೂಟ್. ಎಲ್‌ಎ ಗ್ಯಾಲಕ್ಸಿಯ ಎಡ್ಸನ್ ಬಡಲ್ 17ಕ್ಕೆ ನಿಂತ. ಆ ವರ್ಷದ ಸಂಬಳದ ಪಟ್ಟಿಲಿ ವೊಂಡೊ ಮುಂದೆ ಇದ್ದದ್ದು 48 ಸಾವಿರ ಡಾಲರ್, ಅದೇ ಪಟ್ಟಿಲಿ ಬೆಕ್‌ಹ್ಯಾಮ್ ಮುಂದೆ 65 ಲಕ್ಷ ಡಾಲರ್ ಆಸುಪಾಸು. ಪ್ಲೇಆಫ್‌ನಲ್ಲಿ ಸ್ಯಾನ್ ಹೊಸೆ ತಮ್ಮ ನೆಲದಲ್ಲಿ 0-1 ಸೋತು, ಆಮೇಲೆ ಹೆನ್ರಿ ಇದ್ದ ನ್ಯೂಯಾರ್ಕ್ ರೆಡ್ ಬುಲ್ಸ್ ಮನೆಗೇ ಹೋಗಿ 3-1 ಗೆದ್ದು ಅವರನ್ನ ಆಚೆ ಹಾಕ್ತು, ಎರಡು ಗೋಲ್ ಬಾಬಿ ಕಾನ್ವೇದು, ಕೊನೇದು ವೊಂಡೊದು. ಏಳು ಗೋಲ್‌ನವನು ಒಂದೇ ವರ್ಷದಲ್ಲಿ 18ರವನಾದ್ರೆ ಎಲ್ಲರೂ ಹೇಳೋದು ಒಂದೇ, ಅದೃಷ್ಟ, ಒಂದು ವರ್ಷದ ಮಿಂಚು ಅಂತ. ಹಂಗಾಗಿ ಮುಂದಿನ ವರ್ಷ ಮುಖ್ಯ. 2011ರಲ್ಲಿ 16, ಡಿ ರೊಸಾರಿಯೊ ಜೊತೆ ಸಮ ಸಮ, ಅಸಿಸ್ಟ್ (ಗೋಲ್ ಆಗೋಕೆ ಕೊಟ್ಟ ಪಾಸ್) ಲೆಕ್ಕದಲ್ಲಿ ಬೂಟು ಡಿ ರೊಸಾರಿಯೊಗೆ ಹೋಯ್ತು, ಹ್ಯೂಸ್ಟನ್‌ನಲ್ಲಿ ಜೊತೆಗಿದ್ದವನೇ. 2012ರಲ್ಲಿ 27! ಅದು 1996ರಲ್ಲಿ, ಲೀಗ್ ಶುರುವಾದ ವರ್ಷವೇ, ಟ್ಯಾಂಪಾ ಬೇ ಮ್ಯೂಟಿನಿಯ ರಾಯ್ ಲ್ಯಾಸಿಟರ್ ಹೊಡ್ದಿದ್ದ ಸೀಸನ್ ರೆಕಾರ್ಡ್‌ಗೆ ಸರಿಸಮ, ಹದಿನಾರು ವರ್ಷ ಯಾರೂ ಮುಟ್ಟಿರ್ಲಿಲ್ಲ. ಎಂವಿಪಿ, ಅಂದ್ರೆ ಆ ವರ್ಷದ ಅತ್ಯುತ್ತಮ ಆಟಗಾರ, ಅವನೇ, ಟೀಮಿಗೆ 66 ಪಾಯಿಂಟು, ಲೀಗ್ ಹಂತದಲ್ಲಿ ಅತಿ ಹೆಚ್ಚು ಪಾಯಿಂಟ್ ತಗೊಂಡವರಿಗೆ ಕೊಡೋ ಸಪೋರ್ಟರ್ಸ್ ಶೀಲ್ಡ್.

ಆ 2012ರ ಟೀಮಿನ ಬಗ್ಗೆ ಒಂದೆರಡು ಮಾತು ಹೇಳ್ಲೇಬೇಕು ಯಾಕಂದ್ರೆ ವೊಂಡೊ ಆಟ ಅರ್ಥ ಆಗ್ಬೇಕು ಅಂದ್ರೆ ಅದು ಬೇಕು. ಆಗ ಅವರು ಆಡ್ತಿದ್ದದ್ದು ಸಾಂಟಾ ಕ್ಲಾರಾ ಯೂನಿವರ್ಸಿಟಿ ಒಳಗಿನ ಬಕ್ ಶಾ ಸ್ಟೇಡಿಯಂ, ಹತ್ತು ಸಾವಿರ ಜನ ಹಿಡಿಯೋ ಅಂಥ ಚಿಕ್ಕ ಗ್ರೌಂಡು. ಮುಂದೆ ಸ್ಟೀವನ್ ಲೆನ್‌ಹಾರ್ಟ್, ಆಲನ್ ಗಾರ್ಡನ್, ಇಬ್ಬರೂ ಆಜಾನುಬಾಹು ಸ್ಟ್ರೈಕರ್‌ಗಳು, ಡಿಫೆಂಡರ್‌ಗಳ ಜೊತೆ ಗುದ್ದಾಡೋದೇ ಅವರ ಕೆಲಸ. ಬದಿಯಿಂದ ಕ್ರಾಸ್ ಬರತ್ತೆ, ಇಬ್ಬರು ಡಿಫೆಂಡರ್ ಲೆನ್‌ಹಾರ್ಟ್ ಮೇಲೆ ಕಣ್ಣಿಟ್ಟಿರ್ತಾರೆ, ಅವನು ಹಾರ್ತಾನೆ, ಬಾಲು ತಲೆಗೆ ತಾಗತ್ತೋ ಹೆಗಲಿಗೆ ತಾಗತ್ತೋ ಎಲ್ಲೋ ಬೀಳತ್ತೆ, ಬಿದ್ದ ಜಾಗದಲ್ಲಿ ವೊಂಡೊ ಇರ್ತಾನೆ. ಒಂದು ಸಲ ಅಲ್ಲ, ವಾರ ವಾರ. ಆ ವರ್ಷ ಅವರು ಇಂಜುರಿ ಟೈಮಲ್ಲಿ ಗೋಲ್ ಹೊಡ್ದು ಮ್ಯಾಚ್ ಉಳಿಸ್ಕೊಂಡಿದ್ದು ಎಷ್ಟು ಸಲ ಅಂದ್ರೆ ಎದುರಾಳಿಗಳಿಗೆ 2-0 ಇದ್ರೂ ನೆಮ್ಮದಿ ಇರ್ತಿರ್ಲಿಲ್ಲ. ಪ್ಲೇಆಫ್‌ನಲ್ಲಿ ಮಾತ್ರ ಎಲ್‌ಎ ಗ್ಯಾಲಕ್ಸಿ ನೆಲದಲ್ಲಿ 1-0 ಗೆದ್ದು ಬಂದು ತಮ್ಮ ನೆಲದಲ್ಲಿ 1-3 ಸೋತು ಹೊರಗೆ ಬಿದ್ರು, ಅದು ಈಗಲೂ ಆ ಊರಿನ ಫ್ಯಾನ್ಸ್‌ಗೆ ನೋವು.

ಈಗ ಆಟದ ವಿಷಯಕ್ಕೆ ಬರೋಣ, ಇದೇ ಈ ಕೇಸಿನ ಹೊಟ್ಟೆ. ವೊಂಡೊ ಆಟ ಮೊದಲ ಸಲ ನೋಡಿದವರಿಗೆ ನಿರಾಸೆ ಆಗತ್ತೆ. ಸ್ಪ್ರಿಂಟಲ್ಲಿ ಯಾರನ್ನೂ ಹಿಂದೆ ಹಾಕಲ್ಲ, ಡ್ರಿಬಲ್ ಮಾಡಿ ಇಬ್ಬರನ್ನ ದಾಟೋದಿಲ್ಲ, ಇಪ್ಪತ್ತೈದು ಗಜದಿಂದ ಗುಂಡು ಹೊಡ್ದ ಹಂಗೆ ಶಾಟ್ ಇಲ್ಲ. ಎಷ್ಟೋ ಹೊತ್ತು ಅವನು ಪಿಚ್ ಮೇಲೆ ಇದ್ದಾನೆ ಅನ್ನೋದೇ ಮರೆತು ಹೋಗತ್ತೆ. ಬಾಲಿನ ಮೇಲಿಂದ ಕಣ್ಣು ತೆಗೆದು ಬರೀ ಅವನನ್ನೇ ಹತ್ತು ನಿಮಿಷ ನೋಡಿದ್ರೆ ಮಾತ್ರ ವಿಷಯ ಗೊತ್ತಾಗೋದು. ಅವನು ಸೆಂಟರ್ ಬ್ಯಾಕ್‌ನ ಬೆನ್ನ ಹಿಂದೆ ನಿಂತಿರ್ತಾನೆ, ಅಂದ್ರೆ ಡಿಫೆಂಡರ್‌ಗೆ ಒಂದೋ ಬಾಲ್ ಕಾಣ್ಬೇಕು ಇಲ್ಲಾ ವೊಂಡೊ ಕಾಣ್ಬೇಕು, ಎರಡೂ ಒಟ್ಟಿಗೆ ಕಾಣಲ್ಲ. ವಿಂಗರ್ ತಲೆ ಎತ್ತೋ ಕ್ಷಣದಲ್ಲಿ ವೊಂಡೊ ಎರಡು ಹೆಜ್ಜೆ ದೂರದ ಪೋಸ್ಟ್ ಕಡೆ ಹಾಕ್ತಾನೆ, ಡಿಫೆಂಡರ್ ಕೂಡ ಅರ್ಧ ಹೆಜ್ಜೆ ಆ ಕಡೆ ವಾಲ್ತಾನೆ, ಅಷ್ಟರಲ್ಲಿ ವೊಂಡೊ ತಿರುಗಿ ಹತ್ತಿರದ ಪೋಸ್ಟ್ ಕಡೆ ನುಗ್ಗಿರ್ತಾನೆ. ಸಿಗೋದು ಒಂದು ಗಜ ಜಾಗ, ಅಷ್ಟೇ ಸಾಕು, ಯಾಕಂದ್ರೆ ಅವನು ಬಾಲ್ ನಿಲ್ಲಿಸಲ್ಲ, ಒಂದೇ ಟಚ್, ಕಾಲಿನ ಒಳಬದಿ, ಮೊಣಕಾಲು, ತಲೆ, ಏನು ಸಿಕ್ರೆ ಅದು. ಬೇರೆಯವರು ಶಾಟ್ ಹೊಡೆದಾಗ ಉಳಿದ ಆಟಗಾರರು ನಿಂತು ನೋಡ್ತಾರೆ, ಇವನು ಕೀಪರ್ ಕಡೆಗೆ ಓಡ್ತಾನೆ, ಬಾಲ್ ಕೈ ತಪ್ಪಬಹುದು ಅಂತ. ಹತ್ತರಲ್ಲಿ ಒಂಬತ್ತು ಸಲ ಆ ಓಟ ವ್ಯರ್ಥ. ಆದ್ರೂ ಮುಂದಿನ ಸಲ ಮತ್ತೆ ಓಡ್ತಾನೆ. ಛತ್ರದಲ್ಲಿ ಮೊದಲ ಪಂಕ್ತಿಲಿ ಯಾರು ಮೊದಲು ಎಲೆ ಮಡಚಿ ಏಳ್ತಾರೆ ಅಂತ ಗುರುತಿಸಿ ಅವರ ಹಿಂದೆನೇ ಹೋಗಿ ನಿಂತ್ಕೊಳೋರು ಇರ್ತಾರಲ್ಲ, ಆ ತರದ ಲೆಕ್ಕಾಚಾರ ಅವನದು. ಹೈಸ್ಕೂಲಲ್ಲಿ ಅವನು ಓಟಗಾರನೂ ಹೌದು, ಮಧ್ಯಮ ದೂರದ ಓಟ, ಹಂಗಾಗಿ ದಮ್ಮು ಇತ್ತು, 85ನೇ ನಿಮಿಷದಲ್ಲಿ ಡಿಫೆಂಡರ್ ಸುಸ್ತಾಗಿ ಒಂದು ಓಟ ಬಿಟ್ರೆ ಅದೇ ಓಟದಲ್ಲಿ ಗೋಲ್ ಬಂತು.

ಈಗ ಮೊದಲನೇ ಪ್ರಶ್ನೆಗೆ ಉತ್ತರ ಸಿಗತ್ತೆ. ಟ್ರಯಲ್‌ನಲ್ಲಿ, ಕಂಬೈನ್‌ನಲ್ಲಿ (ಡ್ರಾಫ್ಟ್‌ಗೆ ಮುಂಚೆ ನಡೆಯೋ ಪರೀಕ್ಷೆ) ಅಳೆಯೋದು ಏನನ್ನ? ಮೂವತ್ತು ಮೀಟರ್ ಸ್ಪ್ರಿಂಟು, ಜಂಪು, ಬಾಲ್ ಕಂಟ್ರೋಲು, ಒಂದೆರಡು ಪ್ರ್ಯಾಕ್ಟೀಸ್ ಮ್ಯಾಚು. ಸರಿಯಾದ ಜಾಗದಲ್ಲಿ ಸರಿಯಾದ ಹೊತ್ತಿಗೆ ಇರೋ ಗುಣ ಅದ್ಯಾವುದ್ರಲ್ಲೂ ಕಾಣಲ್ಲ. ಅದು ಕಾಣ್ಬೇಕಂದ್ರೆ ಮ್ಯಾಚ್ ಬೇಕು, ತೊಂಬತ್ತು ನಿಮಿಷ ಬೇಕು, ಹತ್ತು ಓಟ ವ್ಯರ್ಥ ಆಗಿ ಹನ್ನೊಂದನೇದು ಗೋಲ್ ಆಗೋ ತನಕ ಕಾಯೋ ಕೋಚ್ ಬೇಕು. ಬೆಂಚಿಂದ ಕೊನೇ ಹತ್ತು ನಿಮಿಷಕ್ಕೆ ಬರೋ ಸಬ್ ಆಟಗಾರನಿಗೆ ಡ್ರಿಬಲ್ ಇದ್ರೆ ಒಂದು ಮೂವ್‌ನಲ್ಲೇ ಎಲ್ಲರ ಕಣ್ಣಿಗೆ ಬೀಳ್ತಾನೆ, ಆದ್ರೆ ವೊಂಡೊ ತರದವನು ಹತ್ತು ನಿಮಿಷದಲ್ಲಿ ಬಾಲೇ ಮುಟ್ಟದೆ ಆಚೆ ಬರಬಹುದು, ಏನೂ ಮಾಡ್ಲಿಲ್ಲ ಅಂತ ಅನ್ಸತ್ತೆ. ಹ್ಯೂಸ್ಟನ್‌ನಲ್ಲಿ ಆಗಿದ್ದು ಇದೇ ಅಂತ ನನ್ನ ಅಂದಾಜು. ಅವನು 27ಕ್ಕೆ ಇದ್ದಕ್ಕಿದ್ದಂಗೆ ಒಳ್ಳೆ ಆಟಗಾರ ಆಗ್ಲಿಲ್ಲ, ಅವನಲ್ಲಿರೋದು ಕಾಣೋ ಅಷ್ಟು ನಿಮಿಷಗಳು ಅವನಿಗೆ 27ಕ್ಕೆ ಸಿಕ್ತು. ಇನ್ನೊಂದು ವಿಷಯ ಇದಕ್ಕೆ ಸೇರಿದ್ದು, ಅವನನ್ನ ಟ್ರೇಡ್ ಮಾಡಿದ ಕಿನಿಯರ್ 2015ರಲ್ಲಿ ಕೋಚ್ ಆಗಿ ಸ್ಯಾನ್ ಹೊಸೆಗೇ ವಾಪಸ್ ಬಂದ್ರು, ಆ ವರ್ಷ ವೊಂಡೊ 16 ಗೋಲ್ ಹೊಡ್ದ, ಲೀಗ್‌ನಲ್ಲಿ ನೂರರ ಗಡಿ ದಾಟಿದ್ದೂ ಅದೇ ವರ್ಷ. ಇಬ್ಬರ ಮಧ್ಯೆ ಯಾವ ಕಹಿನೂ ಇರ್ಲಿಲ್ಲ, ಅದು ನನಗೆ ಬಹಳ ಇಷ್ಟ ಆದ ವಿಷಯ.

ಇಲ್ಲಿ ನಮ್ಮ ಕಡೆಯ ಒಂದು ಎಳೆ ಇದೆ. ವೊಂಡೊ ಗೋಲ್ಡನ್ ಬೂಟ್ ಗೆದ್ದ ಅದೇ 2010ರಲ್ಲಿ, ಮುಂದೆ ಬೆಂಗಳೂರು ಎಫ್‌ಸಿ ಕ್ಯಾಪ್ಟನ್ ಆಗಿ ಕಂಠೀರವ ಸ್ಟೇಡಿಯಂನ ತುಂಬಿಸಿದ ಸುನಿಲ್ ಛೇತ್ರಿ ಇದೇ ಎಂಎಲ್‌ಎಸ್‌ನ ಕ್ಯಾನ್ಸಸ್ ಸಿಟಿ ವಿಝರ್ಡ್ಸ್‌ನಲ್ಲಿದ್ರು. ಲೀಗ್‌ನಲ್ಲಿ ಅವರಿಗೆ ಒಂದೂ ಮ್ಯಾಚ್ ಸಿಗ್ಲಿಲ್ಲ, ಓಪನ್ ಕಪ್ ಅನ್ನೋ ಅಮೆರಿಕಾದ ನಾಕೌಟ್ ಟೂರ್ನಿಲಿ ಆಡಿದ್ರು, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಫ್ರೆಂಡ್ಲಿಲಿ ಸಬ್ ಆಗಿ ಇಳಿದ್ರು, ಆಮೇಲೆ ವಾಪಸ್ ಬಂದ್ರು. ಛೇತ್ರಿ ಆಟದಲ್ಲೂ ಬಾಕ್ಸ್ ಒಳಗಿನ ಜಾಗದ ಅರಿವು ದೊಡ್ಡದು, ಎತ್ತರ ಇಲ್ಲದಿದ್ರೂ ಹೆಡರ್ ಗೋಲ್ ಎಷ್ಟು ಹೊಡ್ದಿದ್ದಾರೆ ನೋಡಿ. ಅವರಿಗೆ ಅಲ್ಲಿ ಒಂದು ಪೂರ್ತಿ ಸೀಸನ್ ಸಿಕ್ಕಿದ್ರೆ ಏನಾಗ್ತಿತ್ತೋ ಯಾರಿಗೂ ಗೊತ್ತಿಲ್ಲ. ಒಂದೇ ಲೀಗು, ಒಂದೇ ವರ್ಷ, ಒಬ್ಬನಿಗೆ ನಿಮಿಷ ಸಿಕ್ತು ಇನ್ನೊಬ್ಬರಿಗೆ ಸಿಗ್ಲಿಲ್ಲ.

ನ್ಯಾಷನಲ್ ಟೀಮಿನ ಕಥೆ ಇಷ್ಟು ಸಲೀಸಾಗಿ ಹೋಗ್ಲಿಲ್ಲ. ಮೊದಲ ಕ್ಯಾಪ್, ಅಂದ್ರೆ ದೇಶದ ಪರ ಮೊದಲ ಮ್ಯಾಚ್, 2011ರ ಜನವರಿಯಲ್ಲಿ ಚಿಲಿ ವಿರುದ್ಧ, 28 ತುಂಬೋಕೆ ಒಂದು ವಾರ ಇತ್ತು. ಆಮೇಲೆ ಯೂರ್ಗನ್ ಕ್ಲಿನ್ಸ್‌ಮನ್ ಕೋಚ್ ಆದ್ರು, ಬಹಳ ಕಾಲ ಗೋಲೇ ಬರ್ಲಿಲ್ಲ, ಲೀಗ್ ಆಟಗಾರ ಅಷ್ಟೇ, ಅಂತಾರಾಷ್ಟ್ರೀಯ ಮಟ್ಟಕ್ಕೆ ಆಗಲ್ಲ ಅನ್ನೋ ಮಾತು ಗಟ್ಟಿಯಾಯ್ತು. 2013ರ ಗೋಲ್ಡ್ ಕಪ್‌ನಲ್ಲಿ (ಉತ್ತರ, ಮಧ್ಯ ಅಮೆರಿಕಾ ಮತ್ತೆ ಕೆರಿಬಿಯನ್ ದೇಶಗಳ ಟೂರ್ನಿ) ಬೆಲೀಜ್ ವಿರುದ್ಧ ಮೊದಲ ಅರ್ಧದಲ್ಲೇ ಹ್ಯಾಟ್ರಿಕ್ ಹೊಡ್ದ, ಆ ದಿನ ಅವನ ಜರ್ಸಿ ಬೆನ್ನ ಮೇಲೆ ಹೆಸರಿನ ಸ್ಪೆಲ್ಲಿಂಗೇ ತಪ್ಪಾಗಿತ್ತು, ಒಂದು ಅಕ್ಷರ ಜಾಸ್ತಿ, ಅದನ್ನೇ ಹಾಕ್ಕೊಂಡು ಮೂರು ಗೋಲ್. ಆ ಟೂರ್ನಿಲಿ ಕ್ಯೂಬಾ ವಿರುದ್ಧನೂ ಹೊಡ್ದ, ಅಮೆರಿಕಾ ಕಪ್ ಗೆದ್ತು. ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ 35 ಮ್ಯಾಚಲ್ಲಿ 11 ಗೋಲು, ಅದ್ರಲ್ಲಿ ಹೆಚ್ಚಿನವು ಚಿಕ್ಕ ದೇಶಗಳ ಮೇಲೆ. ಅದಕ್ಕೂ ಕಾರಣ ಅವನ ಆಟದಲ್ಲೇ ಇದೆ, ಹತ್ತು ಓಟಕ್ಕೆ ಒಂದು ಅವಕಾಶ ಅನ್ನೋ ಲೆಕ್ಕ ನಡಿಬೇಕಂದ್ರೆ ಟೀಮು ಬಾಕ್ಸ್ ಒಳಗೆ ಬಾಲ್ ಹಾಕ್ತಾನೇ ಇರ್ಬೇಕು, ದೊಡ್ಡ ಟೀಮುಗಳ ವಿರುದ್ಧ ಅಮೆರಿಕಾಗೆ ಅಷ್ಟು ಬಾಲ್ ಸಿಗ್ತಾನೇ ಇರ್ಲಿಲ್ಲ. 2016ರ ಕೋಪಾ ಅಮೆರಿಕಾ ಸೆಮಿಫೈನಲ್‌ನಲ್ಲಿ ಅರ್ಜೆಂಟಿನಾ ವಿರುದ್ಧ ಅವನನ್ನ ಸ್ಟಾರ್ಟ್ ಮಾಡ್ಸಿದ್ರು, 0-4 ಸೋಲು, ಅವನ ಕಾಲಿಗೆ ಬಾಲ್ ಬಂದಿದ್ದೇ ಅಪರೂಪ.

2014ರ ಮೇ 22ಕ್ಕೆ ಕ್ಲಿನ್ಸ್‌ಮನ್ ವರ್ಲ್ಡ್ ಕಪ್ ಟೀಮ್ ಹೇಳಿದ್ರು, ಅದ್ರಲ್ಲಿ ಲ್ಯಾಂಡನ್ ಡೊನೊವನ್ ಹೆಸರು ಇರ್ಲಿಲ್ಲ, ಇಡೀ ದೇಶ ಗಲಾಟೆ ಎಬ್ಬಿಸ್ತು. ವೊಂಡೊ ಹೆಸರು ಇತ್ತು. ಅವನ ತಾಯಿ ಕಡೆಯವರು ಓಕ್ಲಹೋಮಾದ ಕೈಯೋವಾ ಅನ್ನೋ ಮೂಲನಿವಾಸಿ ಬುಡಕಟ್ಟಿನವರು, ಅವನೂ ಆ ಬುಡಕಟ್ಟಿನ ಸದಸ್ಯ, ಹಂಗಾಗಿ ಅಮೆರಿಕಾದ ಮೂಲನಿವಾಸಿ ಸಮುದಾಯಗಳಲ್ಲಿ ಅವನು ವರ್ಲ್ಡ್ ಕಪ್‌ಗೆ ಹೋಗಿದ್ದು ದೊಡ್ಡ ಹೆಮ್ಮೆ ಆಗಿತ್ತು. ಡೊನೊವನ್ ಬಿಟ್ಟು ಇವನನ್ನ ಕರ್ಕೊಂಡು ಹೋದ್ರು ಅನ್ನೋ ಮಾತು ಮಾತ್ರ ಅವನ ಬೆನ್ನ ಹಿಂದೆನೇ ಬ್ರೆಜಿಲ್ ತನಕ ಹೋಯ್ತು.

ಜುಲೈ 1, ಸಾಲ್ವಡಾರ್ ಊರು, ಫೋಂಟೆ ನೋವಾ ಸ್ಟೇಡಿಯಂ, ಬೆಲ್ಜಿಯಂ ವಿರುದ್ಧ ಪ್ರೀ ಕ್ವಾರ್ಟರ್. ಅಮೆರಿಕಾದ ಗೋಲ್‌ಕೀಪರ್ ಟಿಮ್ ಹೋವರ್ಡ್ ಆ ರಾತ್ರಿ ಒಂದರ ಹಿಂದೆ ಒಂದು ಹದಿನೈದಕ್ಕೂ ಕಮ್ಮಿ ಇಲ್ಲದಷ್ಟು ಶಾಟ್ ತಡೆದ, ಅವನೊಬ್ಬನ ಮೇಲೇ ಮ್ಯಾಚ್ ನಿಂತಿತ್ತು. 72ನೇ ನಿಮಿಷಕ್ಕೆ ವೊಂಡೊ ಇಳಿದ. 90 ನಿಮಿಷ ಮುಗಿದು ಇಂಜುರಿ ಟೈಮು, 0-0. ಹಿಂದಿಂದ ಜೆಫ್ ಕ್ಯಾಮರಾನ್ ಉದ್ದಕ್ಕೆ ಒಂದು ಬಾಲ್ ಎತ್ತಿದ, ಜರ್ಮೇನ್ ಜೋನ್ಸ್ ಹಾರಿ ತಲೇಲಿ ಮುಂದಕ್ಕೆ ತಳ್ಳಿದ, ಬಾಲ್ ಬಿದ್ದ ಜಾಗ ಗೋಲ್‌ನಿಂದ ಆರೇಳು ಗಜ, ಅಲ್ಲಿ ಬಿಳಿ ಜರ್ಸಿಯವನು ಒಬ್ಬನೇ, ವೊಂಡೊ. ಮುಂದೆ ತಿಬೊ ಕೋರ್ಟ್ವಾ ಅನ್ನೋ ಆರೂವರೆ ಅಡಿ ಕೀಪರ್ ಕೈಕಾಲು ಹರಡ್ಕೊಂಡು ಮೈಮೇಲೆ ಬರ್ತಾ ಇದ್ದಾನೆ. ಬಾಲ್ ಇನ್ನೂ ಪುಟಿತಾ ಇತ್ತು, ವೊಂಡೊ ಬಲಗಾಲಲ್ಲಿ ಒಂದೇ ಟಚ್‌ಗೆ ಹೊಡ್ದ, ಅದು ಅವನು ಯಾವಾಗಲೂ ಮಾಡೋದೇ, ಬಾಲಿನ ಕೆಳಭಾಗಕ್ಕೆ ಕಾಲು ಹೋಯ್ತು, ಬಾರ್ ಮೇಲಿಂದ ಆಚೆ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಲೈನ್ಸ್‌ಮನ್ ಬಾವುಟ ಎತ್ತಿದ್ದು ಆಫ್‌ಸೈಡ್‌ಗೋ ಇನ್ಯಾತಕ್ಕೋ ಅಂತ ಆಮೇಲೆ ಚರ್ಚೆ ಆಯ್ತು, ರೀಪ್ಲೇ ನೋಡಿದ್ರೆ ಅವನು ಆನ್‌ಸೈಡ್ ಇದ್ದ ಹಂಗೇ ಕಾಣತ್ತೆ, ಆ ಚರ್ಚೆ ಹಿಂದೆ ಅಡಗೋ ಪ್ರಯತ್ನ ಅವನಂತೂ ಮಾಡ್ಲಿಲ್ಲ. ಎಕ್ಸ್‌ಟ್ರಾ ಟೈಮಲ್ಲಿ ಡಿ ಬ್ರಾಯ್ನ, ಲುಕಾಕು ಹೊಡ್ದ್ರು, ಅಮೆರಿಕಾ ಪರ ಜೂಲಿಯನ್ ಗ್ರೀನ್ ಒಂದು ಹೊಡ್ದ, 1-2ಕ್ಕೆ ಎಲ್ಲ ಮುಗೀತು. ಎಲ್ಲರನ್ನೂ ನಿರಾಸೆ ಮಾಡಿದೆ ಅಂತ ವೊಂಡೊ ಅವತ್ತೇ ಟ್ವಿಟರ್‌ನಲ್ಲಿ ಬರೆದ್ಕೊಂಡ.

ನಾನು ಆ ಕ್ಲಿಪ್ ಹಿಂದೆ ಮುಂದೆ ಮಾಡಿ ಎಷ್ಟೋ ಸಲ ನೋಡಿದೀನಿ, ನೋಡ್ಬೇಕಾಗಿರೋದು ಶಾಟ್ ಅಲ್ಲ, ಶಾಟ್‌ಗಿಂತ ಮೂರು ಸೆಕೆಂಡ್ ಹಿಂದೆ. ಕ್ಯಾಮರಾನ್ ಬಾಲ್ ಎತ್ತಿದಾಗ ಜೋನ್ಸ್ ಹಾರಿ ಬಾಲ್ ಮುಟ್ಟೇ ಮುಟ್ತಾನೆ ಅನ್ನೋ ಗ್ಯಾರಂಟಿ ಯಾರಿಗೂ ಇಲ್ಲ. ವೊಂಡೊ ಮುಟ್ತಾನೆ ಅಂತಾನೇ ಓಡಿದಾನೆ. ಡಿಫೆಂಡರ್‌ಗಳ ಕಣ್ಣೆಲ್ಲ ಗಾಳಿಲಿರೋ ಬಾಲ್ ಮೇಲೆ, ಇವನು ಅವರ ಬೆನ್ನ ಹಿಂದಿಂದ ಜಾರಿದಾನೆ. ಆ ಟೀಮಲ್ಲಿ ಬೇರೆ ಯಾರೇ ಇದ್ದಿದ್ರೂ ಆ ಬಾಲ್ ಕೋರ್ಟ್ವಾ ಕೈಗೆ ಹೋಗಿ ಸೇರ್ತಿತ್ತು, ಯಾರಿಗೂ ನೆನಪೂ ಇರ್ತಿರ್ಲಿಲ್ಲ. ಲೀಗಲ್ಲಿ 171 ಗೋಲ್ ಕೊಟ್ಟ ಅದೇ ಓಟ ಅವನನ್ನ ಅಲ್ಲಿಗೆ ತಂದು ನಿಲ್ಸಿತ್ತು. ಅಂಥಾ ಜಾಗಕ್ಕೆ ವರ್ಷಕ್ಕೆ ನೂರು ಸಲ ಹೋಗೋನು ಅಲ್ಲಿ ಮಿಸ್ಸೂ ಮಾಡ್ತಾನೆ, ಸ್ಯಾನ್ ಹೊಸೆಲಿ ಎಷ್ಟೋ ಸಲ ಮಾಡಿದಾನೆ, ಮುಂದಿನ ಐದು ನಿಮಿಷಕ್ಕೆ ಇನ್ನೊಂದು ಚಾನ್ಸ್ ಬರ್ತಿತ್ತು. ವರ್ಲ್ಡ್ ಕಪ್‌ನಲ್ಲಿ ಇನ್ನೊಂದು ಬರ್ಲಿಲ್ಲ. ಅವತ್ತು ಹೊಡೀಬೇಕಿತ್ತು, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ದೊಡ್ಡ ಮ್ಯಾಚಲ್ಲಿ ಅವನ ನಿಜ ಬಣ್ಣ ಬಯಲಾಯ್ತು ಅನ್ನೋ ತೀರ್ಪು ನನಗೆ ಒಪ್ಪಿಗೆ ಇಲ್ಲ. ಅವನ ಆಟ ಅವತ್ತೂ ಕೆಲಸ ಮಾಡಿತ್ತು, ಕೊನೇ ಒಂದು ಟಚ್ ತಪ್ತು.

ಈ ಕೇಸಲ್ಲಿ ನಾನು ಅತಿ ಹೆಚ್ಚು ಗೌರವ ಕೊಡೋ ಭಾಗ ಅದರ ಮುಂದಿನದು. ಅಂಥದ್ದೊಂದು ಮಿಸ್ ಆದ್ಮೇಲೆ ಎಷ್ಟೋ ಫಾರ್ವರ್ಡ್‌ಗಳು ಬಾಕ್ಸ್ ಒಳಗೆ ಹೋಗೋದೇ ಕಮ್ಮಿ ಮಾಡ್ತಾರೆ, ಸ್ವಲ್ಪ ಹಿಂದೆ ನಿಂತು ಪಾಸ್ ಕೊಟ್ಟು ಸೇಫ್ ಆಗಿ ಆಡ್ತಾರೆ. ವೊಂಡೊ ಸಂಖ್ಯೆ ನೋಡಿ. 2013ರಲ್ಲಿ 11 ಇತ್ತು, ಮಿಸ್ ಆದ 2014ರಲ್ಲೇ 14, ಆಮೇಲೆ 16, 12, 13, 10, 15. 2010ರಿಂದ 2019ರ ತನಕ ಹತ್ತು ಸೀಸನ್ ಸತತವಾಗಿ ಎರಡಂಕಿ ಗೋಲ್, ಆ ಲೀಗಲ್ಲಿ ಹಂಗೆ ಮಾಡಿದವರು ಬೇರೆ ಯಾರೂ ಇರ್ಲಿಲ್ಲ. ಇದ್ರಲ್ಲಿ ಪೆನಾಲ್ಟಿಗಳೂ ಸೇರಿವೆ, ಸೇರ್ಲಿ, ಪೆನಾಲ್ಟಿ ಸ್ಪಾಟಲ್ಲಿ ನಿಂತ್ಕೊಳೋಕೂ ಎದೆ ಬೇಕು, ಅದೂ ಅವನಿಗೆ. ಈ ಹತ್ತು ವರ್ಷದಲ್ಲಿ ಟೀಮು ಚೆನ್ನಾಗಿತ್ತಾ ಅಂದ್ರೆ ಅದೂ ಇಲ್ಲ. 2013ರಿಂದ 2016 ತನಕ ಪ್ಲೇಆಫ್ ಮುಖಾನೇ ನೋಡ್ಲಿಲ್ಲ, 2018ರಲ್ಲಂತೂ 34 ಮ್ಯಾಚಲ್ಲಿ ನಾಲ್ಕೇ ನಾಲ್ಕು ಗೆಲುವು, 21 ಪಾಯಿಂಟು, ಇಡೀ ಲೀಗ್‌ಗೇ ಕೊನೆ. ಆ ಟೀಮಲ್ಲೂ 35 ವಯಸ್ಸಿನ ಇವನು 10 ಗೋಲ್ ಹೊಡ್ದಿದಾನೆ. ಎಂಎಲ್‌ಎಸ್ ದುರ್ಬಲ ಲೀಗು, ಹಂಗಾಗಿ ಈ ರೆಕಾರ್ಡ್ ಲೆಕ್ಕಕ್ಕಿಲ್ಲ ಅನ್ನೋರು ಇದ್ದಾರೆ. ಆದ್ರೆ ಅದೇ ದುರ್ಬಲ ಲೀಗಲ್ಲಿ ಯೂರೋಪಿಂದ ಕೋಟಿ ಕೋಟಿ ಕೊಟ್ಟು ತಂದ ಸ್ಟ್ರೈಕರ್‌ಗಳೂ ಆಡಿದ್ರಲ್ಲ, ಅವರೂ ಇಷ್ಟು ವರ್ಷ ಹಿಂಗೆ ಹೊಡೀಲಿಲ್ಲ.

ಇನ್ನು ಡೊನೊವನ್ ರೆಕಾರ್ಡ್. 2014ರಲ್ಲಿ ವರ್ಲ್ಡ್ ಕಪ್ ಟೀಮಿಂದ ಬಿಟ್ಟ ಮೂರೇ ದಿನಕ್ಕೆ ಡೊನೊವನ್ ಎರಡು ಗೋಲ್ ಹೊಡ್ದು ಜೆಫ್ ಕನಿಂಗ್‌ಹ್ಯಾಮ್‌ನ 134ರ ಲೀಗ್ ರೆಕಾರ್ಡ್ ಮುರಿದಿದ್ದ, ಕೊನೆಗೆ 145ಕ್ಕೆ ನಿಲ್ಸಿದ್ದ. 2018 ಮುಗಿದಾಗ ವೊಂಡೊ 144. ಒಂದು ಗೋಲ್ ಸಾಕು ಸಮ ಆಗೋಕೆ, ಎರಡು ಸಾಕು ರೆಕಾರ್ಡ್‌ಗೆ, ಇಡೀ ಚಳಿಗಾಲ ಎಲ್ಲರೂ ಅದನ್ನೇ ಕಾಯ್ತಿದ್ರು. 2019ಕ್ಕೆ ಹೊಸ ಕೋಚ್ ಅರ್ಜೆಂಟಿನಾದ ಮಟೀಯಾಸ್ ಅಲ್ಮೇಡಾ ಬಂದ್ರು, ಪಿಚ್ ಉದ್ದಕ್ಕೂ ಒಬ್ಬೊಬ್ಬರಿಗೆ ಒಬ್ಬೊಬ್ಬರು ಅಂಟ್ಕೊಂಡು ಓಡೋ ಮ್ಯಾನ್ ಮಾರ್ಕಿಂಗ್ ಆಟ, ಶುರುವಲ್ಲೇ ಸಾಲು ಸಾಲು ಸೋಲು, ವೊಂಡೊ ಗೋಲ್ ಬರ್ತಿಲ್ಲ, ಆಮೇಲೆ ಬೆಂಚಿಗೇ ಹೋದ. 36 ವಯಸ್ಸು, ಒಂದು ಗೋಲ್ ದೂರ, ಬೆಂಚು. ಮಾರ್ಚ್ ಹೋಯ್ತು, ಏಪ್ರಿಲ್ ಹೋಯ್ತು. ಮೇ 18ಕ್ಕೆ ಶಿಕಾಗೊ ಫೈರ್ ವಿರುದ್ಧ ಸ್ಯಾನ್ ಹೊಸೆ ಏರ್‌ಪೋರ್ಟ್ ಪಕ್ಕದ ಅವಾಯಾ ಸ್ಟೇಡಿಯಂನಲ್ಲಿ ಒಂದಲ್ಲ ಎರಡಲ್ಲ, ನಾಲ್ಕು ಗೋಲ್ ಹೊಡ್ದ, 4-1 ಗೆಲುವು, ಟೀಮಿನ ಎಲ್ಲಾ ಗೋಲೂ ಅವನದೇ. 144ರವನು ಒಂದೇ ಮಧ್ಯಾಹ್ನ 148. ಆ ನಾಲ್ಕು ಗೋಲ್ ನೋಡಿ, ಎಲ್ಲಾ ಗೋಲ್ ಹತ್ತಿರದಿಂದಲೇ, ಒಂದರಲ್ಲೂ ಅಲಂಕಾರ ಇಲ್ಲ, ಬಾಲ್ ಬರೋ ಜಾಗಕ್ಕೆ ಅವನು ಮೊದಲೇ ಬಂದಿದಾನೆ, ಅಷ್ಟೇ. ಆ ವರ್ಷದ 15 ಗೋಲೂ ಅವತ್ತಿಂದ ಆಚೆಗೆ ಬಂದಿದ್ದು.

2020 ಕೊನೆ ಅಂದಿದ್ದ, ಆ ವರ್ಷ ಕೋವಿಡ್‌ನಿಂದ ಅರ್ಧಂಬರ್ಧ ಆಯ್ತು ನೋಡಿ, ಹಂಗಾಗಿ ಇನ್ನೊಂದು ವರ್ಷ ಆಡಿದ. ಏಳು, ಆಮೇಲೆ ಐದು. 2021ರ ನವೆಂಬರ್ 7ಕ್ಕೆ ಸೀಸನ್‌ನ ಕೊನೇ ಮ್ಯಾಚು ಎಫ್‌ಸಿ ಡಾಲಸ್ ವಿರುದ್ಧ, 1-1 ಡ್ರಾ, ಸ್ಯಾನ್ ಹೊಸೆ ಗೋಲ್ ಅವನದೇ, 171ನೇದು, ಮ್ಯಾಚ್ ಮುಗಿದ ಮೇಲೆ 38ನೇ ವಯಸ್ಸಲ್ಲಿ ರಿಟೈರ್ ಆಗ್ತೀನಿ ಅಂತ ಹೇಳಿದ. ಸೀಸನ್ ರೆಕಾರ್ಡ್ ಅಷ್ಟೊತ್ತಿಗೆ ಕೈ ಬಿಟ್ಟಿತ್ತು, 2018ರಲ್ಲಿ ಅಟ್ಲಾಂಟಾದ ಹೋಸೆಫ್ ಮಾರ್ಟಿನೆಸ್ 31, 2019ರಲ್ಲಿ ಎಲ್‌ಎಎಫ್‌ಸಿಯ ಕಾರ್ಲೋಸ್ ವೇಲಾ 34 ಹೊಡ್ದು ಮುಂದೆ ಹೋದ್ರು. ಒಟ್ಟು ಗೋಲಿನ ಲೆಕ್ಕದಲ್ಲಿ 2024ರಲ್ಲಿ ಕೆಯ್ ಕಮಾರಾ ಡೊನೊವನ್‌ನ ದಾಟಿ ಎರಡನೇ ಜಾಗಕ್ಕೆ ಬಂದಾಗ ಅವನಿಗೂ ಹತ್ತಿರ ಹತ್ತಿರ ನಲವತ್ತು, ವೊಂಡೊಗೂ ಅವನಿಗೂ ಇನ್ನೂ ಇಪ್ಪತ್ತಕ್ಕಿಂತ ಜಾಸ್ತಿ ಗೋಲಿನ ಅಂತರ ಇತ್ತು.